ನಮ್ಮ ಓಣಿ ಹೆಣ್ಣುಮಗಳಿಗಿ ಗಂಡ ಬಡಿತಾನ, ಠಾಣೆಗಿ ಬರಲ್ಲ ಅಂತಾಳ. ಬ್ಯಾರೆ ದಾರಿ ಏನದ? (ಜೇವರ್ಗಿ ತಾಲೂಕು)

ಪ್ರಶ್ನೆ ಕೇಳಿದವರು: ಮಿಷಿನ್ ಅಕ್ಕ

ಎಲ್ಲರಿಗೂ ನಮಸ್ಕಾರ್ರಿ. ನಾ ಜೇವರ್ಗಿ ತಾಲೂಕಿನ ಒಂದು ಹಳ್ಳಿಯಾಕಿ. ಊರ ಹೆಸರು ಬರಿಯಂಗಿಲ್ಲ, ಯಾಕಂತ ಮುಂದ ಓದಿದ್ರ ನಿಮಗೇ ತಿಳೀತದ. ಮನ್ಯಾಗ ಹೊಲಿಗಿ ಮಿಷಿನ್ ಇಟ್ಟೀನಿ. ಬ್ಲೌಸು, ಲಂಗ, ಸಾಲಿ ಹುಡುಗ್ರ ಯೂನಿಫಾರ್ಮು ಹೊಲೀತೀನಿ. ಹೆಣ್ಣುಮಕ್ಕಳು ಬಂದು ಕುಂತು ಮಾತಾಡೋ ಜಾಗ ಅಂದ್ರ ನಮ್ಮ ಓಣ್ಯಾಗ ನನ್ನ ಪಡಸಾಲಿನೇ.

ಒಬ್ಬಾಕಿ ಅದಾಳ. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ದೊಡ್ಡ ಹುಡುಗ ಸಾಲಿಗಿ ಹೋಗ್ತಾನ, ಸಣ್ಣಾಕಿ ಅಂಗನವಾಡಿಗಿ. ಗಂಡ ಟಂಟಂ (ಮಂದಿ ಹತ್ತೋ ಆಟೋ) ಹೊಡಿತಾನ. ಕುಡುದು ಬಂದ ದಿನಾನೂ ಬಡಿತಾನ, ಕುಡೀಲಾರ್ದ ದಿನಾನೂ ಬಡಿತಾನ, ಅದಕ್ಕ ಮೊದಲು ಅವ್ನ ಕುಡಿತ ಬಿಡಸ್ರಿ ಅಂತ ಯಾರೂ ಬರಿಬ್ಯಾಡ್ರಿ. ಬ್ಲೌಸಿನ ಅಳತಿ ತೊಗೊಳೋವಾಗ ಆಕಿ ಬೆನ್ನು ನೋಡೀನಿ. ನಮ್ಮ ಕಡಿ ಬಿಸಲು ನಿಮಗ ಗೊತ್ತೇ ಅದ. ಇಂಥ ಬ್ಯಾಸಗ್ಯಾಗ ತೋಳು ಮುಂಗೈ ತನಕ ಇಡ್ರಿ ಅಕ್ಕಾ ಅಂತ ಯಾರರ ಕೇಳ್ತಾರೇನು? ಆಕಿ ಕೇಳ್ತಾಳ.

ಎಳ್ಳಾಮಾಸಿ ಆದ ಮ್ಯಾಲ ಒಮ್ಮೆ ಹಿರೇರು ಕೂಡಿದ್ರು. ಬೀರಪ್ಪನ ಗುಡಿ ಕಟ್ಟಿ ಮ್ಯಾಲ ಕುಂದ್ರಿಸಿ, ಭಂಡಾರ ಮುಟ್ಟಿಸಿ ಆಣಿ ಮಾಡ್ಸಿ, ಬಾಂಡ್ ಪೇಪರಿನ ಮ್ಯಾಲ ‘ಇನ್ನ ಮುಂದ ಜಗಳ ಮಾಡಂಗಿಲ್ಲ’ ಅಂತ ಬರಸಿ ಇಬ್ಬರದೂ ಸಹಿ ತೊಗೊಂಡ್ರು. ಇಬ್ಬರದೂ! ಬಡದಾವಂದೂ, ಬಡಸ್ಕೊಂಡಾಕಿದೂ. ಆ ಬಾಂಡ್ ಹಿರೇರ ಬಲ್ಲೇ ಅದ. ಯುಗಾದಿ ಬರೋದ್ರಾಗ ಮತ್ತ ಶುರು ಆತು.

ತವರುಮನಿ ಸಿಂದಗಿ ಕಡಿ. ಅಪ್ಪ ಇಲ್ಲ. ಅಣ್ಣ ‘ಹೊಂದ್ಕೊಂಡು ಹೋಗವ್ವಾ’ ಅಂತಾನ, ಅತ್ತಿಗಿ ಫೋನೇ ಎತ್ತಂಗಿಲ್ಲ. ಪೊಲೀಸರ ಹೆಸರು ತೆಗದ್ರ ಆಕಿ ಗಡಗಡ ನಡಗ್ತಾಳ. ‘ಅವ್ನಿಗಿ ಒಳಗ ಹಾಕಿದ್ರ ಹೊರಗ ಬಂದ ದಿನ ನನಗ ಬಿಡ್ತಾನೇನ್ ಅಕ್ಕಾ? ಟಂಟಂ ಸಾಲದ ಕಂತು ಯಾರು ತುಂಬ್ತಾರ?’ ಅಂತಾಳ.

ನಾ ಕೇಳೋದು ಇಷ್ಟು. ಠಾಣೆಗಿ ಹೋಗಲಾರ್ದೆ ಏನರ ಮಾಡ್ಲಾಕ ಬರ್ತದೇನು? ಒಂದು ರಾತ್ರಿ ಮಿತಿಮೀರಿದ್ರ ಆಕಿಗಿ ಎಲ್ಲಿಗಿ ಕರ್ಕೊಂಡು ಹೋಗ್ಲಿ? ಊರಾಗಿನ ಟಂಟಂ ಹೊಡಿಯೋರೆಲ್ಲ ಅವ್ನ ದೋಸ್ತರೇ. ರಾತ್ರಿ ಹೊತ್ತು ಕಟ್ಟಿಸಂಗಾವಿ ಬ್ರಿಡ್ಜ್ ದಾಟಿ ಕಲಬುರಗಿಗಿ ಒಯ್ಯಬೇಕಂದ್ರ ಯಾವ ಗಾಡಿ ಹತ್ತಲಿ? ಇನ್ನೊಂದು, ನಾ ನಡುವ ಬಾಯಿ ಹಾಕಿದ್ರ ನನ್ನ ಮ್ಯಾಲೇ ಕೇಸ್ ಆಗ್ತದೇನು? ನಮ್ಮ ಮನಿಯವ್ರು ಇದೇ ಅಂಜಿಕಿ ಹಚ್ಚ್ಯಾರ.

ಉತ್ತರ: ಗಂಜ್ ಸಾಹುಕಾರ

ನೋಡು ತಾಯಿ, ಸಿಟ್ಟಾಗಬ್ಯಾಡ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ. ಈಗಿನ ಕಾನೂನೆಲ್ಲ ಹೆಣ್ಣಿನ ಕಡಿನೇ ಅವ, ಸುಳ್ಳು ಕೇಸಿನಾಗ ಎಷ್ಟೋ ಮಂದಿ ಗಂಡಸರು ಕೋರ್ಟಿಗಿ ತಿರುಗಿ ಹೊಲ ಮಾರ್ಕೊಂಡಾರ. ಮತ್ತೊಮ್ಮೆ ಹಿರೇರಿಗಿ ಕೂಡಸ್ರಿ, ಈ ಸಲ ಜರಾ ಗಟ್ಟಿ ಮನಷ್ಯಾರಿಗಿ ಕರೀರಿ. ಕೂಡಿದ ಮನಿ ಒಡದ ಪಾಪ ನಿಮಗ್ಯಾಕ?

ಉತ್ತರ: ಹಳೇ ಸಾಂತ್ವನ

ಮಿಷಿನ್ ಅಕ್ಕಾ, ನಾ ಯಾದಗಿರಿ ಜಿಲ್ಲಾದಾಗ ಒಂದು ಸಾಂತ್ವನ ಕೇಂದ್ರದಾಗ (ಹಿಂಸೆ ಉಂಡ ಹೆಣ್ಣುಮಕ್ಕಳಿಗಿ ನೆರವಾಗೋ ಜಾಗ) ಭಾಳ ವರ್ಷ ಸಮಾಲೋಚಕಿ ಇದ್ದಾಕಿ. ಈಗ ಬಿಟ್ಟೀನಿ, ಆದ್ರ ಬಾಯಿ ಬಿಟ್ಟಿಲ್ಲ. ಉದ್ದ ಬರೀತೀನಿ, ಕೆಲಸ ಮುಗಿಸಿ ಓದ್ರಿ.

ನಿಮ್ಮ ಕೊನೀ ಪ್ರಶ್ನೆಗಿ ಮೊದಲು ಉತ್ತರ, ಯಾಕಂದ್ರ ನೀವು ಅಂಜಿದ್ರ ಆಕಿ ಕತಿ ಅಲ್ಲೇ ಮುಗೀತು. ಕೌಟುಂಬಿಕ ದೌರ್ಜನ್ಯ ತಡೀಲಾಕ 2005ರಾಗ ಒಂದು ಕಾಯ್ದೆ ಆಗ್ಯಾದ, 2006ರ ಅಕ್ಟೋಬರ್ 26ರಿಂದ ಜಾರಿ ಅದ. ನಾವು ಡಿವಿ ಕಾಯ್ದೆ ಅಂತೀವಿ. ಅದರ 4ನೇ ಕಲಂ ನಿಮ್ಮಂಥೋರ ಸಲುವಾಗೇ ಬರದದ್ದು. ಹಿಂಥಾ ಮನ್ಯಾಗ ಹಿಂಗ ನಡದಾದ ಅಂತ ಗೊತ್ತಿದ್ದ ಯಾರೇ ಆದ್ರೂ ಸಂರಕ್ಷಣಾಧಿಕಾರಿಗಿ ತಿಳಸಬಹುದು. ಒಳ್ಳೆ ಮನಸಿನಿಂದ ತಿಳಸಿದೋರ ಮ್ಯಾಲ ಸಿವಿಲ್ಲೂ ಇಲ್ಲ, ಕ್ರಿಮಿನಲ್ಲೂ ಇಲ್ಲ. ನಿಮ್ಮ ಮನಿಯವ್ರಿಗಿ ಈ ಸಾಲು ಓದಿ ಹೇಳ್ರಿ.

ಈ ಸಂರಕ್ಷಣಾಧಿಕಾರಿ ಯಾರು ಅಂದ್ರ, ನಮ್ಮ ತಾಲೂಕುಗಳಾಗ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಸಾಹೇಬ್ರು ಅಥವಾ ಮೇಡಮ್ಮೋರೇ. ಅಂಗನವಾಡಿ ನೋಡ್ಕೊಳೋ ಅದೇ ಆಫೀಸು. ಭಾಳ ಮಂದಿಗಿ ಇದು ಗೊತ್ತೇ ಇಲ್ಲ. ಸಣ್ಣಾಕಿ ಅಂಗನವಾಡಿಗಿ ಹೋಗ್ತಾಳ ಅಂದ್ರಿ. ಜೇವರ್ಗಿ ಸಿಡಿಪಿಒ ಆಫೀಸಿಗಿ ಹೋಗ್ಲಾಕ ಅದಕ್ಕಿಂತ ಚಲೋ ನೆಪ ಯಾವುದದ? ಠಾಣೆ ಮೆಟ್ಟಲಾ ಹತ್ತಿದ್ರ ಸಂಜಿಯೊಳಗ ಊರಿಗೆಲ್ಲ ಗೊತ್ತಾಗ್ತದ. ಸಿಡಿಪಿಒ ಆಫೀಸಿಗಿ ಹೋದ್ರ ಮಗೀನ ಕೆಲಸ ಇತ್ತು ಅಂದ್ರ ಮುಗೀತು.

ಅಲ್ಲಿ ಹೋಗಿ ‘ಡಿಐಆರ್ ಬರಸಬೇಕು’ ಅಂತ ಹೇಳ್ರಿ. ಅಂದ್ರ ಮನ್ಯಾಗ ಏನೇನಾತು ಅನ್ನೋದರ ವರದಿ. ಅದಕ್ಕೊಂದು ನಮೂನಿ ಅದ. ಯಾವಾಗ, ಎಲ್ಲಿ, ಯಾತರಿಂದ ಬಡದ, ಯಾರು ನೋಡ್ಯಾರ, ದವಾಖಾನಿ ಚೀಟಿ ಅದನೋ ಇಲ್ಲೋ, ಎಲ್ಲ ಕೇಳ್ತಾರ. ಇಲ್ಲೇ ನಮ್ಮ ಹೆಣ್ಣುಮಕ್ಕಳು ಸಿಕ್ಕೊಳೋದು. ‘ಯಾವಾಗ?’ ಅಂದ್ರ ‘ದಿನಾ ಬಡಿತಾನ್ರಿ’ ಅಂತಾರ. ದಿನಾ ಅನ್ನೋದಕ್ಕ ಕೋರ್ಟಿನಾಗ ತಾರೀಖು ಇಲ್ಲ. ನಿಮ್ಮ ಬಲ್ಲಿ ಅಳತಿ ಬರಿಯೋ ಬುಕ್ ಇರಬೇಕಲ್ಲ, ಅದರಾಗ ಆಕಿ ಹೆಸರಿನ ಹಾಳಿ ಮ್ಯಾಲೇ ಬರಕೋತ ಹೋಗ್ರಿ. ಎದಿ, ನಡ, ತೋಳು ಅಂತ ಇಂಚು ಬರದದ್ದರ ಬಾಜೂಕ ತಾರೀಖು, ಏನಾತು, ಒಂದೆರಡು ಸಾಲು. ಆಕಿ ಮನ್ಯಾಗ ಇಟ್ರ ಅವ ಹುಡುಕಿ ಹರೀತಾನ. ನಿಮ್ಮ ಅಳತಿ ಬುಕ್ ಯಾವ ಗಂಡಸೂ ತೆಗದು ನೋಡಂಗಿಲ್ಲ.

ಡಿಐಆರ್ ಆದ ಮ್ಯಾಲ ಅರ್ಜಿ ಮ್ಯಾಜಿಸ್ಟ್ರೇಟರ ಮುಂದ ಹೋಗ್ತದ, ಜೇವರ್ಗಿ ಕೋರ್ಟಿನಾಗೇ. ಕೋರ್ಟ್ ಏನೇನು ಹುಕುಂ ಕೊಡಬಹುದು ಅಂದ್ರ: ಬಡೀಬಾರ್ದು, ಬೆದರಸಬಾರ್ದು, ಮನಿಯಿಂದ ಹೊರಗ ಹಾಕಬಾರ್ದು, ಬೇಕಾದ್ರ ಅವ್ನೇ ಮನಿ ಬಿಟ್ಟು ಇರಬೇಕು, ಆಕಿಗಿ, ಮಕ್ಕಳಿಗಿ ಖರ್ಚಿಗಿ ಕೊಡಬೇಕು, ಆಕಿ ತವರಿನ ಬಂಗಾರ, ಭಾಂಡೆ ತಿರುಗಿ ಕೊಡಬೇಕು, ಸದ್ಯಕ್ಕ ಮಕ್ಕಳು ತಾಯಿ ಬಲ್ಲೇ ಇರಬೇಕು. ಇದ್ರಾಗ ಜೇಲು ಎಲ್ಲಿ ಬಂತು? ಕೋರ್ಟಿನ ರಕ್ಷಣೆ ಹುಕುಂ ಮೀರಿ ಬಡದ್ರ ಮಾತ್ರ ಶಿಕ್ಷೆ: ಒಂದು ವರ್ಷದ ತನಕ ಜೇಲು, ಇಲ್ಲ 20,000 ರೂಪಾಯಿ ತನಕ ದಂಡ, ಇಲ್ಲ ಎರಡೂ. ‘ಅವ್ನಿಗಿ ಒಳಗ ಹಾಕಿದ್ರ ಕಂತು ಯಾರು ತುಂಬ್ತಾರ’ ಅನ್ನೋ ಆಕಿ ಅಂಜಿಕಿಗಿ ಇದು ಉತ್ತರ. ಟಂಟಂ ನಡೀತಿರಲಿ, ಕೈ ನಿಲ್ಲಲಿ.

ಖರೆ ಮಾತೂ ಹೇಳಬೇಕು. ಅರ್ಜಿ ಹಾಕಿದ ಮೂರು ದಿನದಾಗ ಮೊದಲ ವಿಚಾರಣೆ, 60 ದಿನದಾಗ ಮುಗಸಲಾಕ ನೋಡಬೇಕು ಅಂತ ಕಾಯ್ದೆದಾಗ ಅದ. ಅಷ್ಟರಾಗ ಮುಗದದ್ದು ನಾ ಕಂಡಿಲ್ಲ. ಸಿಡಿಪಿಒಗಳಿಗಿ ನೂರು ಕೆಲಸ ಇರ್ತಾವ. ಪೋಷಣ್ ಮೀಟಿಂಗ್ ಅದ, ನಾಳಿ ಬಾ ಅಂತಾರ. ಸಿಟ್ಟಿಗೇಳಬ್ಯಾಡ್ರಿ, ಕುರ್ಚಿ ಬಿಟ್ಟೂ ಏಳಬ್ಯಾಡ್ರಿ. ವಕೀಲರಿಗಿ ಹೇಳಬೇಕಾದ ಮಾತು ಒಂದೇ: ‘ಮಧ್ಯಂತರ ಆದೇಶ ಕೇಳ್ರಿ.’ ಕೇಸ್ ಮುಗಿಯೋ ತನಕ ಕಾಯಲಾರ್ದೆ, ಆಕಿ ಕೊಟ್ಟ ಅಫಿಡವಿಟ್ಟಿನ ಮ್ಯಾಲೇ, ಗಂಡನ ಮಾತು ಕೇಳೋಕಿಂತ ಮೊದಲೇ ಮ್ಯಾಜಿಸ್ಟ್ರೇಟರು ತಾತ್ಕಾಲಿಕ ಹುಕುಂ ಕೊಡಬಹುದು. ಅದು ಕೈಗಿ ಬಂದ್ರ ಅರ್ಧ ಯುದ್ಧ ಗೆದ್ದಂಗ.

ವಕೀಲರ ಫೀಸಿಗಿ ಹೆದರಬ್ಯಾಡ್ರಿ. ಹೆಣ್ಣುಮಕ್ಕಳಿಗಿ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗ್ತಾರ. ಆದಾಯ ಎಷ್ಟಿದ್ರೂ ಸೈ, ರೇಷನ್ ಕಾರ್ಡ್ ತೋರಸೋದೂ ಬೇಕಾಗಿಲ್ಲ. ತಾಲೂಕು ಕೋರ್ಟಿನಾಗೇ ಅವರ ಸಮಿತಿ ಇರ್ತದ. ಫೋನ್ ನಂಬರು 15100.

ಈಗ ರಾತ್ರಿ ಮಾತು. ಜೀವಕ್ಕ ಬಂದ್ರ 112. ಗಾಡಿ ಅವರೇ ಕಳಸ್ತಾರ, ಟಂಟಂ ಹುಡುಕಬ್ಯಾಡ್ರಿ. ಅಷ್ಟು ತುರ್ತಿಲ್ಲ, ಆದ್ರ ಮನ್ಯಾಗ ಇರಲಾಕ ಆಗಂಗಿಲ್ಲ ಅಂದ್ರ 181, ಅದು ಮಹಿಳಾ ಸಹಾಯವಾಣಿ, ಹಗಲೂ ರಾತ್ರಿ ಇರ್ತದ. ಅವರು ಸಖಿ ಕೇಂದ್ರಕ್ಕ ಜೋಡಸ್ತಾರ. ನಮ್ಮ ಕಡಿ ಜಿಲ್ಲಾ ಜಿಲ್ಲಾಕ್ಕ ಸಖಿ ಅದ. ದವಾಖಾನಿ, ಪೊಲೀಸು, ವಕೀಲರು, ಸಮಾಲೋಚನೆ ಎಲ್ಲ ಒಂದೇ ಕಡಿ ಸಿಗಲಿ ಅಂತ 2015ರಾಗ ಕೇಂದ್ರ ಸರ್ಕಾರ ಶುರು ಮಾಡಿದ್ದು. ಐದು ದಿನದ ತನಕ ಅಲ್ಲೇ ಉಳಿಸ್ಕೋತಾರ. ಆಮ್ಯಾಲೂ ಮನಿಗಿ ಹೋಗಲಾಕ ಆಗಲಿಲ್ಲಂದ್ರ ಮೊದಲು ಸ್ವಾಧಾರ ಗೃಹ ಅಂತಿದ್ರು, ಈಗ ಶಕ್ತಿ ಸದನ ಅಂತಾರ, ಅಲ್ಲಿಗಿ ಕಳಸ್ತಾರ. ಗಂಡು ಹುಡುಗರಿಗಿ ವಯಸ್ಸಿನ ಮಿತಿ ಇರ್ತದ, ದೊಡ್ಡಾವಂದು ಫೋನಿನಾಗೇ ಕೇಳ್ಕೊಳ್ರಿ. ಫೋನು ನಿಮ್ಮದ್ರಿಂದ ಹಚ್ಚರಿ. ಆಕಿ ಫೋನಿನಾಗ 181 ಕಂಡ್ರ ಅವತ್ತೇ ರಾತ್ರಿ ಲೆಕ್ಕ ಕೇಳ್ತಾನ.

ದವಾಖಾನಿಗಿ ಹೋದ್ರ ‘ಬಚ್ಚಲದಾಗ ಜಾರಿ ಬಿದ್ದೆ’ ಅನ್ನಬಾರ್ದು. ಯಾರು ಬಡದಾರ, ಯಾತರಿಂದ ಅಂತ ಡಾಕ್ಟರಿಗಿ ಇದ್ದದ್ದು ಇದ್ದಂಗ ಹೇಳಿ ಎಂಎಲ್‌ಸಿ (ಕೋರ್ಟಿಗಿ ನಡಿಯೋ ಪೆಟ್ಟಿನ ದಾಖಲೆ) ಮಾಡಸ್ರಿ. ಕೇಸ್ ಹಾಕೋದು ಬಿಡೋದು ಆಮ್ಯಾಲಿನ ಮಾತು. ಚೀಟಿ ಇವತ್ತೇ ಆಗಬೇಕು, ಬಾಸುಂಡಿ ವಾರದಾಗ ಮಾಯ್ತದ.

ಒಂದು ಚೀಲ ನಿಮ್ಮ ಮನ್ಯಾಗ ಇಡ್ರಿ. ಆಧಾರು, ಮಕ್ಕಳ ಜನ್ಮ ದಾಖಲಾತಿ, ತಾಯಿ ಕಾರ್ಡು, ಪಾಸ್‌ಬುಕ್ಕು, ಲಗ್ನದ ಫೋಟೋ, ಲಗ್ನಪತ್ರಿಕಿ. ಅಸಲಿ ತರಲಾಕ ಆಗಲಿಲ್ಲಂದ್ರ ಜೆರಾಕ್ಸು. ಆಧಾರು, ವೋಟರ್ ಕಾರ್ಡಿನಂಥ ಸರ್ಕಾರಿ ಗುರುತಿನ ಕಾರ್ಡ್ ಒಂದು ಬೇಕೇ ಬೇಕು, ಇಲ್ಲಂದ್ರ ಬಸ್ಸಿನಾಗ ಕಂಡಕ್ಟರ್ ಜೀರೋ ಟಿಕೆಟ್ ಕೊಡಂಗಿಲ್ಲ. ಮತ್ತ ಯಾರೂ ಹೇಳದ ಮಾತೊಂದು ಅದ: ಆಕಿ ಆಧಾರಿಗಿ ಯಾರ ಮೊಬೈಲ್ ನಂಬರ್ ಕೊಟ್ಟಾರ ನೋಡ್ರಿ. ನಮ್ಮಲ್ಲಿ ಹತ್ತಕ್ಕ ಎಂಟು ಮನ್ಯಾಗ ಗಂಡಂದೇ ಇರ್ತದ. ಬ್ಯಾಂಕಿನ ಒಟಿಪಿ, ಅರ್ಜಿ ಒಟಿಪಿ ಎಲ್ಲ ಅವ್ನ ಕಿಸೆದಾಗ ಟಿಂಗ್ ಅಂತದ. ಆಧಾರ್ ಕೇಂದ್ರದಾಗ ಹೆಬ್ಬಟ್ಟು ಕೊಟ್ರ ನಂಬರ್ ಬದಲಾಗ್ತದ, ಪೋಸ್ಟ್‌ಮ್ಯಾನರೂ ಮಾಡಿಕೊಡ್ತಾರ.

ಗಂಜ್ ಸಾಹುಕಾರ್ರೇ, ನಿಮಗೂ ಎರಡು ಮಾತು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗದು ನೋಡ್ರಿ. ಕರ್ನಾಟಕದಾಗ ಲಗ್ನಾದ ಹೆಣ್ಣುಮಕ್ಕಳಾಗ ನೂರಕ್ಕ 44 ಮಂದಿ ಗಂಡನ ಕೈಲಿ ಹಿಂಸೆ ಉಂಡೀವಿ ಅಂತ ಹೇಳ್ಯಾರ. ಅಷ್ಟು ಮಂದಿ ಕೂಡಿ ಸುಳ್ಳು ಹೇಳ್ಯಾರೇನು? ಹಿರೇರು ಕೂಡಲಿ, ನಾ ಬ್ಯಾಡ ಅನ್ನಂಗಿಲ್ಲ, ನಾನೂ ಎಷ್ಟೋ ಸಲ ಕಟ್ಟಿ ಮ್ಯಾಲ ಕುಂತೀನಿ. ಆದ್ರ ಆ ಬೀರಪ್ಪನ ಕಟ್ಟಿ ಮ್ಯಾಲ ಒಬ್ಬಾಕಿರ ಹೆಣ್ಣುಮಗಳಿಗಿ ಕುಂದ್ರಿಸಿದ್ರೇನು? ಬಾಂಡಿನ ಒಂದು ಪ್ರತಿ ಆಕಿ ಕೈಗಿ ಕೊಟ್ರೇನು? ಮಾತು ಮುರದ್ರ ಏನು ಮಾಡ್ತೀವಿ ಅಂತ ಅದರಾಗ ಬರದಾರೇನು? ಶರಣರ ನಾಡು ಅಂತ ಊರ ಅಗಸ್ಯಾಗ ಬೋರ್ಡ್ ಹಚ್ಚೋದು ಸುಲಭ ಅದ ಬಿಡ್ರಿ.

ಉತ್ತರ: ಭಾಲ್ಕಿ ರೋಡ್

ನಾ ಬೀದರ ಜಿಲ್ಲಾದಾಕಿ. ಇದನ್ನ ಅನುಭೋಗಿಸಿದಾಕಿ, ಅದಕ್ಕ ಬರೀಲತೀನಿ. ಮ್ಯಾಲಿನ ಅಕ್ಕ ಹೇಳಿದ್ದೆಲ್ಲ ಖರೆ ಅದ. ಒಂದು ಮಾತು ಮಾತ್ರ ನನಗ ಕೂಡಂಗಿಲ್ಲ.

ಅದೇ ಮನ್ಯಾಗ ಇರಲಾಕ ಹಕ್ಕು ಅದ ಅಂತಾರ. ಇರ್ಲಿ. ಆದ್ರ ಕಡಿಗಿ ಅತ್ತಿ, ಬಾಜೂಕ ನಾದಿನಿ, ಒಲಿ ಮುಂದ ನಾನು, ಕೈಯಾಗ ಕೋರ್ಟಿನ ಕಾಗದ. ರಾತ್ರಿ ಕದ ಒಳಗಿಂದ ಹಾಕ್ಕೊಂಡವ ಅವ. ಆ ಕಾಗದ ಓದೋರು ಯಾರು? ನಾ ಹೊರಬಿದ್ದೆ, ಹೊರಬಿದ್ದದ್ದೇ ಪಾಡ ಆತು. ಕೆಲವರಿಗಿ ಮನಿ ಬೇಕು, ಕೆಲವರಿಗಿ ಕದ ಬೇಕು. ಆಕಿಗಿ ಏನು ಬೇಕಂತ ಆಕಿಗೇ ಕೇಳ್ರಿ, ನೀವು ಕೂಡಿ ಠರಾಸಬ್ಯಾಡ್ರಿ.

ನಾ ಮೊದಲು ಠಾಣೆಗೇ ಹೋಗಿದ್ದೆ. ಯಾವ ಠಾಣೆ ಅಂತ ಬರಿಯಂಗಿಲ್ಲ. ಸಾಹೇಬ್ರು ಬರ್ತಾರ ಕುಂದ್ರು ಅಂತ ಬೆಂಚಿನ ಮ್ಯಾಲ ಕುಂದ್ರಿಸಿದ್ರು. ಹೊತ್ತು ಮುಣಗೋ ತನಕ ಸಾಹೇಬ್ರು ಬರಲಿಲ್ಲ, ಗಂಡ ಬಂದ. ಇಬ್ಬರಿಗೂ ಬುದ್ಧಿ ಹೇಳಿ, ಅವ್ನಿಂದ ಮುಚ್ಚಳಿಕಿ ಬರಸ್ಕೊಂಡು ಕಳಸಿದ್ರು. ದೂರು ಕೊಟ್ಟದ್ದಕ್ಕ ನನ್ನ ಕೈಯಾಗ ಒಂದು ಚೀಟಿ ಸುದ್ದಾ ಇಲ್ಲ. ಆಮ್ಯಾಲ ಒಬ್ಬ ಮೇಡಂ ಹೇಳಿದ್ರು, ‘ಹಿಂಬರಹ (ದೂರು ಮುಟ್ಟಿದ್ದಕ್ಕ ಅವರು ಬರದು ಕೊಡೋ ಚೀಟಿ) ಕೇಳಿ ತೊಗೋಬೇಕವ್ವಾ’ ಅಂತ. ಹಂಗಾಗಿ ಎಲ್ಲೇ ಅರ್ಜಿ ಕೊಡ್ರಿ, ಎರಡು ಪ್ರತಿ ಒಯ್ರಿ, ಒಂದರ ಮ್ಯಾಲ ಸಿಕ್ಕ (ಆಫೀಸಿನ ಸೀಲು) ಹೊಡಿಸ್ಕೊಳ್ರಿ.

ಶಕ್ತಿ ಸದನದಂಥ ನಿಲಯದಾಗ ಇರೋದು ಹ್ಯಾಂಗ ಅಂತ ಯಾರೂ ಹೇಳಂಗಿಲ್ಲ, ಅದಕ್ಕ ಹೆಣ್ಣುಮಕ್ಕಳು ಅಂಜತಾರ. ಅದು ಜೇಲಲ್ಲ, ತವರುಮನಿನೂ ಅಲ್ಲ. ಮುಂಜಾನಿ ರೊಟ್ಟಿ ಪಾಳಿ ಮ್ಯಾಲ ಬಡೀಬೇಕು. ನನಗ ಆ ಪಾಳಿ ಬಂದ ದಿನ ಖುಷಿ ಆಗ್ತಿತ್ತು, ಯಾಕಂದ್ರ ಕೈಗಿ ಕೆಲಸ ಇದ್ರ ತಲಿ ಸುಮ್ಮ ಇರ್ತದ. ಹೊರಗ ಹೋಗಲಾಕ ರಿಜಿಸ್ಟರಿನಾಗ ಬರೀಬೇಕು. ಅದು ಮೊದಮೊದಲು ಸಿಟ್ಟು ಬರಸ್ತದ, ಆಮ್ಯಾಲ ಗಂಡ ಗೇಟಿಗಿ ಬಂದು ಒದರಾಡಿದ ದಿನ ಆ ರಿಜಿಸ್ಟರು, ಆ ಗೇಟು ಯಾಕದ ಅಂತ ತಿಳೀತು. ಸಂಜಿ ಹೊತ್ತು ಕಠಿಣ. ಮಕ್ಕಳು ಮನಿಗಿ ಯಾವಾಗ ಹೋಗೋದು ಅಂತ ಕೇಳೋದು ಆ ಹೊತ್ತಿಗೇ.

ಸಾಲಿ ಬಗ್ಗೆ ಹೇಳಲೇಬೇಕು. ಮಕ್ಕಳ ಟಿಸಿ ಕೊಡಬ್ಯಾಡ್ರಿ ಅಂತ ಗಂಡ ಹೆಡ್‌ಮಾಸ್ತರಿಗಿ ಹೇಳಿ ಬಂದಿದ್ದ. ಟಿಸಿ ಇಲ್ಲಾರ್ದೆ ಹ್ಯಾಂಗ ಸೇರಸ್ತಾರ ಅಂತ ನಾ ಅತ್ತಿದ್ದೇ ಅತ್ತಿದ್ದು. ಖರೆ ಅಂದ್ರ 2009ರ ಶಿಕ್ಷಣ ಹಕ್ಕು ಕಾಯ್ದೆದಾಗೇ ಅದ, ಟಿಸಿ ತಡ ಆತು ಅಂತ ಹೇಳಿ ಸರ್ಕಾರಿ ಸಾಲಿಯವ್ರು ಹುಡುಗ್ರಿಗಿ ವಾಪಸ್ ಕಳಸಂಗಿಲ್ಲ. ಮೊದಲು ಕುಂದ್ರಸ್ಕೋಬೇಕು, ಕಾಗದ ಆಮ್ಯಾಲ. ಇದನ್ನ ಬಾಯಿಪಾಠ ಮಾಡಸ್ರಿ ಆಕಿಗಿ.

ನಾ ಈಗ ಒಂದು ಹಾಸ್ಟೆಲಿನ ಅಡಗಿ ಮನ್ಯಾಗ ಕೆಲಸ ಮಾಡ್ತೀನಿ. ಪಗಾರ ಭಾಳಿಲ್ಲ. ಬಾಡಿಗಿ ಖೋಲಿ ಹಿಡದೀನಿ. ಕದಕ್ಕ ಒಳಗಿಂದ ಚಿಲಕ ಅದ, ಹಾಕೋದು ತಗಿಯೋದು ನನ್ನ ಕೈಯಾಗ ಅದ.

ಉತ್ತರ: ಕೋರ್ಟ್ ರೋಡ್ ಕಲಬುರಗಿ

ನಾನು ಇಲ್ಲಿ ವಕೀಲಿ ಮಾಡುತ್ತೇನೆ. ಹಳೇ ಸಾಂತ್ವನ ಅವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುವುದಿದೆ.

ಒಂದು, ಹಳ್ಳಿಯಲ್ಲಿ ಮನೆ ಸಾಮಾನ್ಯವಾಗಿ ಮಾವನ ಹೆಸರಿನಲ್ಲಿರುತ್ತದೆ. ‘ಮನಿ ನಿನ್ನ ಗಂಡಂದಲ್ಲ, ನಂದು, ನಡಿ ಹೊರಗ’ ಎಂದು ಮಾವ ಹೇಳಿದಾಗ ಹೆಣ್ಣುಮಕ್ಕಳು ಹೊರಟುಬಿಡುತ್ತಾರೆ. 2020ರಲ್ಲಿ ಸುಪ್ರೀಂ ಕೋರ್ಟ್ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಇದನ್ನು ಇತ್ಯರ್ಥ ಮಾಡಿದೆ. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ, ಸೊಸೆ ಸಂಸಾರ ಮಾಡಿಕೊಂಡು ಅಲ್ಲಿ ಬಾಳಿದ್ದರೆ, ಡಿವಿ ಕಾಯ್ದೆಯಡಿ ಆಕೆ ಅಲ್ಲಿ ವಾಸದ ಹಕ್ಕು ಕೇಳಬಹುದು. ಆದರೆ ಭಾಲ್ಕಿ ರೋಡ್ ಅವರ ಮಾತನ್ನು ನಾನು ತೆಗೆದುಹಾಕುವುದಿಲ್ಲ. ಅಲ್ಲಿ ಇರುವುದು ಆಗದು ಎಂದರೆ ಅದೇ ಅರ್ಜಿಯಲ್ಲಿ ಬೇರೆ ಮನೆ ಅಥವಾ ಅದರ ಬಾಡಿಗೆ ಕೊಡಿಸಿ ಎಂದು ಕೇಳಲು ಅವಕಾಶವಿದೆ. ಇದನ್ನು ಕೇಳುವವರೇ ಕಡಿಮೆ.

ಅರ್ಜಿಯನ್ನು ಜೇವರ್ಗಿಯಲ್ಲೇ ಹಾಕಬೇಕೆಂದಿಲ್ಲ. ಆಕೆ ತಾತ್ಕಾಲಿಕವಾಗಿ ಎಲ್ಲಿ ಇರುತ್ತಾಳೋ ಅಲ್ಲಿನ ಕೋರ್ಟಿಗೂ ಅಧಿಕಾರವಿದೆ. ಸಿಂದಗಿಗೆ ಹೋದರೆ ಸಿಂದಗಿ, ಕಲಬುರಗಿಯ ನಿಲಯದಲ್ಲಿದ್ದರೆ ಕಲಬುರಗಿ. ಡಿಐಆರ್ ಇಲ್ಲ ಎಂಬ ಕಾರಣಕ್ಕೆ ಅರ್ಜಿ ನಿಲ್ಲುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಿಡಿಪಿಒ ಕಚೇರಿಯಲ್ಲಿ ಓಡಾಡಿಸಿದರೆ ವಕೀಲರ ಮೂಲಕ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಆದರೂ ಡಿಐಆರ್ ಇದ್ದರೆ ಕೇಸು ಗಟ್ಟಿ.

ಇನ್ನು ಆ ಬಾಂಡ್ ಪೇಪರ್. ಅದಕ್ಕೆ ಕೋರ್ಟಿನ ಆದೇಶದ ಬಲವಿಲ್ಲ. ಆದರೆ ಎಸೆಯಬೇಡಿ, ಸಾಧ್ಯವಾದರೆ ಫೋಟೋ ಹೊಡೆದಿಟ್ಟುಕೊಳ್ಳಿ. ‘ಇನ್ನು ಮುಂದೆ ಜಗಳ ಮಾಡುವುದಿಲ್ಲ’ ಎಂದು ಅವನೇ ಸಹಿ ಹಾಕಿದ್ದಾನೆಂದರೆ ಹಿಂದೆ ಏನೋ ನಡೆದಿದೆ ಎಂಬುದಕ್ಕೆ ಅದೇ ಒಂದು ದಾಖಲೆ. ಮುಂದಿನ ಸಲ ಹಿರಿಯರು ಸೋಡಚೀಟಿ (ಗಂಡ ಹೆಂಡತಿ ಬೇರೆಯಾದರೆಂದು ಬರೆಸುವ ಕಾಗದ) ಬರೆಸಲು ಕೂಡಿಸಿದರೆ ಮಾತ್ರ ಎಚ್ಚರ. ಸಮುದಾಯದಲ್ಲಿ ಅಂಥ ರೂಢಿ ಇದೆ ಎಂದು ಕೋರ್ಟಿನಲ್ಲಿ ಸಾಬೀತಾಗದಿದ್ದರೆ ಅದು ವಿಚ್ಛೇದನವೇ ಅಲ್ಲ. ಹತ್ತು ಸಾವಿರ ಕೈಗಿಟ್ಟು ‘ನನಗೆ ಏನೂ ಬಾಕಿ ಇಲ್ಲ’ ಎಂದು ಬರೆಸಿಕೊಂಡ ಚೀಟಿಗಳನ್ನು ನನ್ನ ಮೇಜಿನ ಮೇಲೆ ನೋಡಿ ನೋಡಿ ಸಾಕಾಗಿದೆ. ಲೋಕ ಅದಾಲತ್ತಿನಲ್ಲಿ ರಾಜಿಯಾಗುವುದಾದರೂ ಪ್ರತಿ ಸಾಲು ಓದಿಸಿಕೊಂಡು ಸಹಿ ಹಾಕಲಿ, ಅಲ್ಲಿ ಆದದ್ದಕ್ಕೆ ಅಪೀಲು ಇಲ್ಲ.

ಠಾಣೆಯ ದಾರಿ ಮುಚ್ಚಿಲ್ಲ ಎಂಬುದೂ ಗೊತ್ತಿರಲಿ. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಹಿಂದೆ 498ಎ ಎನ್ನುತ್ತಿದ್ದ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಆಗಿದೆ, ಮೂರು ವರ್ಷದ ತನಕ ಶಿಕ್ಷೆ. ಡಿವಿ ಅರ್ಜಿ ಹಾಕಿದರೆ ಇದು ಬೇಡವೆಂದಾಗಲಿ, ಇದು ಹಾಕಿದರೆ ಅದು ಬೇಡವೆಂದಾಗಲಿ ಇಲ್ಲ. ಇವತ್ತು ಬೇಡ ಎಂದವಳು ನಾಳೆ ಬೇಕು ಎನ್ನಬಹುದು.

ಮರುಪ್ರಶ್ನೆ: ಮಿಷಿನ್ ಅಕ್ಕ

ಎಲ್ಲರಿಗೂ ಶರಣು. ನಮ್ಮ ಮನಿಯವ್ರಿಗಿ 4ನೇ ಕಲಂ ಓದಿ ಹೇಳ್ದೆ. ಏನೂ ಅನ್ನಲಿಲ್ಲ, ‘ರಾತ್ರಿ ಹೋಗೋದಿದ್ರ ನನಗ ಎಬ್ಬಸು’ ಅಂದ್ರು. ಅಷ್ಟೇ ಸಾಕು.

ಆಕಿ ಬಂದಿದ್ಲು. ಒಂದು ಹೊಸ ಗಂಟು ಬಿಚ್ಚ್ಯಾಳ. ಟಂಟಂ ಗಾಡಿ ಗಂಡನ ಹೆಸರಿಗಿ ಅದ, ಆದ್ರ ಅದಕ್ಕ ಮೈಕ್ರೋಫೈನಾನ್ಸಿನಾಗ ಎತ್ತಿದ ಸಾಲ ಆಕಿ ಹೆಸರಿಗಿ. ವಾರದ ಕಂತು. ಗುಂಪಿನಾಗ ಓಣಿ ಹೆಣ್ಣುಮಕ್ಕಳೇ ಅದಾರ, ನಾನೂ ಅದೀನಿ. ಆಕಿ ಊರು ಬಿಟ್ರ ಕಂತು ನಮ್ಮೆಲ್ಲರ ಕೊರಳಿಗಿ ಬರ್ತದ ಅಂತ ಈಗೇ ಇಬ್ಬರು ಗುನುಗಲಾಕ ಹತ್ಯಾರ. ಗೃಹಲಕ್ಷ್ಮಿ ದುಡ್ಡರ ಬರ್ತದೇನು ಅಂತ ಕೇಳ್ದೆ, ರೇಷನ್ ಕಾರ್ಡಿನಾಗ ಅತ್ತಿನೇ ಯಜಮಾನಿ, ಎರಡು ಸಾವಿರ ಆಕಿ ಖಾತೆಗೇ ಹೋಗ್ತದಂತ. ಇದೆಲ್ಲ ಡಿಐಆರಿನಾಗ ಬರಸೋ ಮಾತೇನು, ಇಲ್ಲ ಬಡದದ್ದಷ್ಟೇ ಬರಸಬೇಕೇನು?

ಸೋಮವಾರ ಜೇವರ್ಗಿಗಿ ಹೋಗೋಣು ಅಂದೀವಿ. ದೊಡ್ಡ ಹುಡುಗಂದೇ ಚಿಂತಿ. ತಾಯಿ ಎಲ್ಲಿಗಿ ಹೋಗಿದ್ಲು, ಯಾರ ಜೋಡಿ ಹೋಗಿದ್ಲು ಅಂತ ಅಪ್ಪಗ ಎಲ್ಲ ಒಪ್ಪಿಸ್ತಾನ. ಹುಡುಗಂದೇನು ತಪ್ಪಿಲ್ಲ, ಸಣ್ಣಾವ ಅದಾನ, ಕೇಳ್ತಾನ ಹೇಳ್ತಾನ.

ಉತ್ತರ: ಹಳೇ ಸಾಂತ್ವನ

ಬರಸ್ರಿ, ಅದನ್ನೇ ಮೊದಲು ಬರಸ್ರಿ. ಸಾಲ ಹೆಂಡತಿ ತಲಿ ಮ್ಯಾಲ, ಗಾಡಿ ಗಂಡನ ಹೆಸರಿಗಿ, ಗಳಿಕಿ ಅವ್ನ ಕಿಸೆದಾಗ. ಈ ಕಾಯ್ದೆದಾಗ ಆರ್ಥಿಕ ದೌರ್ಜನ್ಯ ಅಂತ ಬ್ಯಾರೇನೇ ಅದ, ಬಡಿತದಷ್ಟೇ ಅದಕ್ಕೂ ಬೆಲಿ. ಕಂತಿನ ಕಾರ್ಡು, ಸಾಲದ ಕಾಗದ, ಗಾಡಿ ಆರ್‌ಸಿ, ಮೂರರದೂ ಫೋಟೋ ತೊಗೊಳ್ರಿ. ಖರ್ಚಿಗಿ ಕೇಳೋವಾಗ ವಾರದ ಕಂತನ್ನೂ ಲೆಕ್ಕದಾಗ ಹಿಡೀಲಾಕ ವಕೀಲರಿಗಿ ಹೇಳ್ರಿ. ಕೋರ್ಟ್ ಎಷ್ಟು ಕೊಡಸ್ತದೋ ನಾ ಹೇಳಲಾರೆ, ಆದ್ರ ಕೇಳಲಾರ್ದೆ ಯಾರೂ ಕೊಡಂಗಿಲ್ಲ. ಗುಂಪಿನ ಆ ಇಬ್ಬರಿಗಿ ಈಗ ಏನೂ ಹೇಳಬ್ಯಾಡ್ರಿ. ಹುಕುಂ ಬಂದ ಮ್ಯಾಲ ಹೇಳಿದ್ರಾತು. ಅಂಜಿದ ಮಂದಿ ಬಾಯಿಂದ ಸುದ್ದಿ ಲಗೂನ ಓಡ್ತದ.

ಹುಡುಗಗ ಸುಳ್ಳು ಕಲಸಬ್ಯಾಡ್ರಿ, ಸಣ್ಣ ಮಗೀನ ಮ್ಯಾಲ ಅಂಥ ಭಾರ ಹಾಕಬಾರ್ದು. ಅವ ಸಾಲಿಗಿ ಹೋದ ಮ್ಯಾಲ ಹೊರಡ್ರಿ, ಸಾಲಿ ಬಿಡೋದ್ರಾಗ ತಿರುಗಿ ಬರ್ರಿ. ಸಣ್ಣಾಕಿಗಿ ಕಂಕುಳಾಗ ಇಟ್ಕೊಂಡೇ ಹೋಗಲಿ, ಅಂಗನವಾಡಿ ಕೆಲಸ ಅಂದ್ರ ಯಾರೂ ಕೇಳಂಗಿಲ್ಲ. ಟಂಟಂ ಹತ್ತಬ್ಯಾಡ್ರಿ, ಬಸ್ಸಿಗೇ ಹೋಗ್ರಿ. ಇಬ್ಬರೂ ಒಂದೇ ಸ್ಟಾಪಿನಾಗ ನಿಲ್ಲಬ್ಯಾಡ್ರಿ, ನೀವು ಬಟ್ಟಿ ದಾರ ತರಲಾಕ ಹೊಂಟೀನಿ ಅಂತ ಮುಂದಿನ ಬಸ್ಸಿಗಿ ಬರ್ರಿ. ಒಂದೇ ದಿನ ದವಾಖಾನಿ, ಆಧಾರು, ವಕೀಲರು ಎಲ್ಲ ಮುಗಸ್ತೀವಿ ಅಂತ ಹಾರಾಡಬ್ಯಾಡ್ರಿ. ಸೋಮವಾರ ಅರ್ಜಿ ಕೊಟ್ಟು, ಒಂದು ಪ್ರತಿಗಿ ಸಿಕ್ಕ ಹೊಡಿಸ್ಕೊಂಡು ಬರ್ರಿ. ಆ ಪ್ರತಿ ಆಕಿ ಕೈಗಿ ಕೊಡಬ್ಯಾಡ್ರಿ, ನಿಮ್ಮ ಅಳತಿ ಬುಕ್ಕಿನಾಗೇ ಇಡ್ರಿ.

ಮತ್ತ ಸೋಮವಾರ ಅಲ್ಲಿ ಯಾರರ ‘ಮೇಡಂ ಟೂರಿನಾಗ ಅದಾರ’ ಅಂದ್ರ ಯಾವ ದಿನ ಸಿಗ್ತಾರ ಅಂತ ಕೇಳಿ, ಹೇಳಿದೋರ ಹೆಸರು ಬರಕೊಂಡು, ಇಲ್ಲಿ ಹಾಕ್ರಿ. ಹೆಸರು ನನಗ ಬ್ಯಾರೇನೇ ಮೆಸೇಜ್ ಮಾಡ್ರಿ, ಎಲ್ಲರ ಮುಂದ ಬ್ಯಾಡ. ಮುಂದಿಂದು ನೋಡೋಣು.